ಪಂಪು ನಿಲ್ಲುವ ವೋಲ್ಟೇಜು, ಮತ್ತೆ ಹೊರಡುವ ವೋಲ್ಟೇಜು

ಕೇಳುಗರಿಗೆ ನಮಸ್ಕಾರ.

ಕರೆಂಟಿನ ಲೈನು ಇಲ್ಲದ ಕಡೆ ಸೌರಫಲಕ, ಬ್ಯಾಟರಿ ಇಟ್ಟುಕೊಂಡು ನೀರೆತ್ತುವವರು ಹೇಳುವ ದೂರು ಹೆಚ್ಚಾಗಿ ಒಂದೇ: ಬ್ಯಾಟರಿ ಬೇಗ ಹೋಯಿತು. ಬ್ಯಾಟರಿಯನ್ನು ದೂರುವ ಮೊದಲು ಕಂಟ್ರೋಲರಿನಲ್ಲಿರುವ, ಅಂದರೆ ವೋಲ್ಟೇಜು ನೋಡಿ ಪಂಪನ್ನು ನಿಲ್ಲಿಸುವ, ಹೊರಡಿಸುವ ಸಾಧನದಲ್ಲಿರುವ, ಎರಡು ಅಂಕಿಗಳನ್ನು ನೋಡಿ. ವೋಲ್ಟೇಜು ಎಷ್ಟಕ್ಕೆ ಇಳಿದಾಗ ಪಂಪು ನಿಲ್ಲಬೇಕು, ಎಷ್ಟಕ್ಕೆ ಏರಿದಾಗ ಮತ್ತೆ ಹೊರಡಬೇಕು. ಮೊದಲನೆಯದನ್ನು ಎಲ್ಲರೂ ವಿಚಾರಿಸುತ್ತಾರೆ. ಪಂಪನ್ನೂ ಬ್ಯಾಟರಿಯನ್ನೂ ಹೆಚ್ಚು ಸವೆಸುವುದು ಎರಡನೆಯದರ ಅಲಕ್ಷ್ಯವೇ ಎಂಬುದು ನನ್ನ ಅಭಿಪ್ರಾಯ.

12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಪೂರ್ತಿ ಚಾರ್ಜಾಗಿ ಸುಮ್ಮನಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದಾಗ 12.2ರ ಆಸುಪಾಸು. ಆದರೆ ಪಂಪು ಓಡುತ್ತಿರುವಾಗ ಓದು ಇದಕ್ಕಿಂತ ಕೆಳಗಿರುತ್ತದೆ. ಪಂಪು ನಿಂತೊಡನೆ, ಒಂದಿಷ್ಟೂ ಚಾರ್ಜು ಸೇರದಿದ್ದರೂ, ವೋಲ್ಟೇಜು ತಾನಾಗಿ ಮೇಲೇಳುತ್ತದೆ. ಎಡವಟ್ಟು ಆಗುವುದು ಇಲ್ಲೇ. 11.5ಕ್ಕೆ ನಿಲ್ಲು, 12ಕ್ಕೆ ಹೊರಡು ಎಂದು ಇಟ್ಟಿದ್ದರೆ, ನಿಂತ ಕೆಲವೇ ನಿಮಿಷಕ್ಕೆ ಬ್ಯಾಟರಿ 12 ದಾಟುತ್ತದೆ, ಪಂಪು ಹೊರಡುತ್ತದೆ, ವೋಲ್ಟೇಜು ಕುಸಿಯುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯಿಡೀ ಇದೇ ನಡೆಯಬಹುದು. ಮೋಟಾರು ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು. ಪಂಪಿಗೆ ಕರೆಂಟು ಬಿಡುವ, ತಡೆಯುವ ಸ್ವಿಚ್ಚಾದ ರಿಲೇಯ ಕಾಂಟ್ಯಾಕ್ಟುಗಳು ಸುಡುತ್ತವೆ, ಬ್ಯಾಟರಿ ತಳ ಕಾಣುತ್ತದೆ.

ಆದ್ದರಿಂದ ಹೊರಡುವ ಅಂಕಿ, ಸುಮ್ಮನಿರುವ ಬ್ಯಾಟರಿ ತಾನಾಗಿ ಮುಟ್ಟಲಾರದಷ್ಟು ಎತ್ತರದಲ್ಲಿರಬೇಕು. 13 ಅಥವಾ ಸ್ವಲ್ಪ ಮೇಲೆ ಇಡಿ. ಆಗ ಬಿಸಿಲು ಬಂದು ಫಲಕ ನಿಜವಾಗಿ ಚಾರ್ಜು ಮಾಡತೊಡಗಿದ ಮೇಲಷ್ಟೇ ಪಂಪು ಎದ್ದೇಳುತ್ತದೆ. ಎಳೆಬಿಸಿಲಿಗೂ 13 ಮುಟ್ಟುವುದುಂಟು. ಹಾಗಾಗಿ ಆ ಅಂಕಿ ಮುಟ್ಟಿದ ಮೇಲೂ ಕೆಲಹೊತ್ತು ಕಾಯುವ ಸಮಯವನ್ನು ಕಂಟ್ರೋಲರಿನಲ್ಲಿ ಹಾಕುವ ಸೌಕರ್ಯವಿದ್ದರೆ ಅದನ್ನೂ ಬಳಸಿ. ನಿಲ್ಲಿಸುವ ಕಡೆಗೂ ಕೆಲವು ಸೆಕೆಂಡುಗಳ ತಡ ಬೇಕು, ಇಲ್ಲದಿದ್ದರೆ ಹೊರಡುವಾಗಿನ ಕ್ಷಣಿಕ ಕುಸಿತಕ್ಕೇ ಪಂಪು ಆರಿಹೋಗುತ್ತದೆ.

ಅಂಕಿ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪಂಪು ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಒಮ್ಮೆ, ಕಂಟ್ರೋಲರಿನಲ್ಲಿ ಬ್ಯಾಟರಿ ವೈರು ಸೇರುವ ಜಾಗದಲ್ಲಿ ಒಮ್ಮೆ ಅಳೆಯಿರಿ. ಹೋಗಿಬರುವ ವೈರಿನಲ್ಲಿ ಒಟ್ಟು 0.05 ಓಮ್ ತಡೆಯಿದ್ದು 20 ಆಂಪಿಯರ್ ಹರಿದರೆ ಒಂದು ವೋಲ್ಟು ದಾರಿಯಲ್ಲೇ ಹೋಯಿತು. ಕಂಟ್ರೋಲರ್ ನೋಡುವುದು ತನ್ನ ಬಳಿಯ ವೋಲ್ಟೇಜನ್ನು. ಮೊದಲು ದಪ್ಪ ವೈರು ಹಾಕಿ, ಜೋಡಣೆ ಬಿಗಿಮಾಡಿ, ಆಮೇಲೆ ಅಂಕಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ರೀತಿಯೇ ಬೇರೆ. ಅದರ ವೋಲ್ಟೇಜು ಬಹುಪಾಲು ಹೊತ್ತು 13ರ ಮೇಲೇ ನಿಂತಿದ್ದು ಕೊನೆಯಲ್ಲಿ ದಿಢೀರನೆ ಬೀಳುತ್ತದೆ. ಪಂಪು ಓಡುವಾಗ 12ಕ್ಕೆ ನಿಲ್ಲಲಿ, 13.3ರ ಸುತ್ತ ಹೊರಡಲಿ. ಒಳಗಿರುವ ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟು, ಸಾಮಾನ್ಯವಾಗಿ ಒಂದು ಸೆಲ್ಲು 2.5 ವೋಲ್ಟಿಗೆ ಇಳಿದಾಗ ಎಲ್ಲವನ್ನೂ ಕಡಿದುಹಾಕುತ್ತದೆ. ಅದು ಕಡೆಯ ಕಾವಲು. ದಿನನಿತ್ಯ ಪಂಪು ನಿಲ್ಲಿಸುವ ಕೆಲಸವನ್ನು ಅದಕ್ಕೆ ಹೊರಿಸಬೇಡಿ. ಇಂಥ ಬ್ಯಾಟರಿಗೆ ಈಕ್ವಲೈಸ್ ಚಾರ್ಜು, ಅಂದರೆ ಸೆಲ್ಲುಗಳನ್ನು ಸಮ ಮಾಡಲು ಬೇಕೆಂದೇ ಹೆಚ್ಚು ವೋಲ್ಟೇಜಿನಲ್ಲಿ ಕೊಡುವ ಚಾರ್ಜು, ಬೇಡವೇ ಬೇಡ, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜು ಮಾಡುವುದೂ ಸಲ್ಲ. 24 ವೋಲ್ಟಿನ ವ್ಯವಸ್ಥೆಯಾದರೆ ನಾನು ಹೇಳಿದ ಬ್ಯಾಟರಿ ಅಂಕಿಗಳನ್ನು ಎರಡರಿಂದ ಗುಣಿಸಿಕೊಳ್ಳಿ, ಸೆಲ್ಲಿನ 2.5 ಮಾತ್ರ ಹಾಗೇ ಇರುತ್ತದೆ. ತಯಾರಕರ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಲೆಡ್ ಆಸಿಡ್ ಬ್ಯಾಟರಿ ಇರುವವರು ಒಂದು ಪರೀಕ್ಷೆ ಮಾಡಿ. ಸಂಜೆ ಪಂಪು ತಾನಾಗಿ ನಿಂತ ಮೇಲೆ, ಬೇರೆ ಯಾವ ಹೊರೆಯೂ ಇಲ್ಲದಂತೆ ಕೆಲವು ಗಂಟೆ ಬಿಟ್ಟು ಬ್ಯಾಟರಿಯನ್ನು ಅಳೆಯಿರಿ. 12.2ರ ಹತ್ತಿರವಿದ್ದರೆ ಅರ್ಧದಲ್ಲಿ ನಿಂತಿದೆ, ಸರಿಯಾಗಿದೆ. 12ಕ್ಕಿಂತ ಕೆಳಗಿದ್ದರೆ ನಿಲ್ಲುವ ಅಂಕಿಯನ್ನು 0.2 ವೋಲ್ಟ್ ಏರಿಸಿ, ಮರುದಿನ ಸಂಜೆ ಮತ್ತೆ ಅಳೆಯಿರಿ. ನಮಸ್ಕಾರ.