ಗ್ರಾಫಿಕ್ಸ್ ಕಾರ್ಡಿನ ಡ್ರೈವರ್: ಯಾವ ಕಂಪನಿಯದನ್ನು, ಎಷ್ಟರ ಮಟ್ಟಿಗೆ ನಂಬಬಹುದು?

ಮಡಿಕೇರಿಯ ಈ ಸಭಾಂಗಣದಲ್ಲಿ ಸೇರಿರುವ ವಿದ್ಯಾರ್ಥಿಗಳೇ, ಅವರ ಜೊತೆ ಬಂದಿರುವ ಪೋಷಕರೇ, ಕಂಪ್ಯೂಟರ್ ದುರಸ್ತಿಯ ವೃತ್ತಿಯಲ್ಲಿರುವ ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟ ಮಕ್ಕಳೂ ಅದಕ್ಕೆ ಹಣ ಕೊಡುವ ಅಪ್ಪ ಅಮ್ಮಂದಿರೂ ಬಹಳ ವರ್ಷಗಳಿಂದ ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆ ಒಂದೇ: ‘ಎಎಂಡಿ ಕಾರ್ಡಿನ ಡ್ರೈವರ್ ಕೈಕೊಡುತ್ತದಂತೆ, ಹೌದಾ ಸಾರ್? ಎನ್‌ವಿಡಿಯಾವನ್ನೇ ತಗೊಳ್ಳೋದಾ?’ ಹೌದು ಅಥವಾ ಇಲ್ಲ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಮೂವತ್ತು ನಲವತ್ತು ಸಾವಿರ ರೂಪಾಯಿ ಕೊಟ್ಟು ತಂದ ಕಾರ್ಡು ಆಟದ ನಡುವೆ ಪರದೆಯನ್ನು ಕಪ್ಪಾಗಿಸಿ ನಿಂತರೆ, ಅದನ್ನು ಮೈಸೂರಿಗೋ ಬೆಂಗಳೂರಿಗೋ ಕಳಿಸಿ ವಾರಗಟ್ಟಲೆ ಕಾಯಬೇಕಾದ ಜಿಲ್ಲೆಯವರು ನಾವು. ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕೆಂದುಕೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡ್ರೈವರನ್ನು ಎಷ್ಟು ನಂಬಬಹುದು ಎಂದು ಅಳೆಯುವಾಗ ಪೆಟ್ಟಿಗೆಯ ಮೇಲಿರುವ ಕಂಪನಿಯ ಹೆಸರಿಗಿಂತ ಆ ಕಾರ್ಡಿನ ಪೀಳಿಗೆಗೆ ಎಷ್ಟು ವಯಸ್ಸಾಗಿದೆ ಎಂಬುದೇ ಹೆಚ್ಚು ತೂಕದ ಸಂಗತಿ.

ಮೊದಲು ಡ್ರೈವರ್ ಮಾಡುವ ಕೆಲಸವನ್ನು ನೋಡೋಣ. ಅದು ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ಒಂದು ಚಿಕ್ಕ ತಂತ್ರಾಂಶವೆಂದು ಅನೇಕರು ತಿಳಿದಿದ್ದಾರೆ. ಕೀಬೋರ್ಡಿನ ವಿಷಯದಲ್ಲಿ ಅದು ಸರಿಯಿರಬಹುದು. ಗ್ರಾಫಿಕ್ಸ್ ಕಾರ್ಡಿನ ಡ್ರೈವರಿನ ಕಡತವಾದರೋ ನೂರಾರು ಮೆಗಾಬೈಟ್ ಇರುತ್ತದೆ. ಆಟವನ್ನು ಬರೆದವರು ಡೈರೆಕ್ಟ್‌ಎಕ್ಸ್, ವಲ್ಕನ್ ಅಥವಾ ಓಪನ್‌ಜಿಎಲ್ ಎಂಬ ಸಾಮಾನ್ಯ ವ್ಯವಸ್ಥೆಯ ಮೂಲಕ ಆಜ್ಞೆಗಳನ್ನು ಕೊಟ್ಟಿರುತ್ತಾರೆ. ಆ ಆಜ್ಞೆಗಳನ್ನು ಚಿಪ್ಪಿಗೆ ತಿಳಿಯುವ ರೂಪಕ್ಕೆ ತರುವುದು, ಬೆಳಕು ಬಣ್ಣಗಳನ್ನು ಲೆಕ್ಕಹಾಕುವ ಷೇಡರ್ ಎಂಬ ಚಿಕ್ಕ ಪ್ರೋಗ್ರಾಮ್‌ಗಳನ್ನು ಆ ಚಿಪ್ಪಿನ ಯಂತ್ರಭಾಷೆಗೆ ಕಂಪೈಲ್ ಮಾಡುವುದು, ವಿಡಿಯೊ ಮೆಮೊರಿಯನ್ನು ಹಂಚುವುದು, ಬಿಸಿಗೆ ತಕ್ಕಂತೆ ಫ್ಯಾನನ್ನೂ ವೇಗವನ್ನೂ ಹೊಂದಿಸುವುದು, ಇವೆಲ್ಲವೂ ಡ್ರೈವರಿನ ಪಾಲಿಗೆ ಬರುತ್ತವೆ. ಡೈರೆಕ್ಟ್‌ಎಕ್ಸ್ 11 ಮತ್ತು ಅದಕ್ಕೂ ಹಿಂದಿನ ಆಟಗಳಲ್ಲಿ ಈ ಹೊರೆ ಬಹಳ ದೊಡ್ಡದು, ಏಕೆಂದರೆ ಆಟ ಏನನ್ನು ಉದ್ದೇಶಿಸಿದೆ ಎಂಬುದನ್ನು ಡ್ರೈವರೇ ಊಹಿಸಿ ಮೆಮೊರಿಯನ್ನು ನಿಭಾಯಿಸಬೇಕಾಗಿತ್ತು. 2015ರಲ್ಲಿ ಡೈರೆಕ್ಟ್‌ಎಕ್ಸ್ 12, 2016ರಲ್ಲಿ ವಲ್ಕನ್ ಬಂದ ಮೇಲೆ ಆ ಹೊರೆಯ ಒಂದು ಪಾಲು ಆಟ ಬರೆಯುವವರ ಹೆಗಲಿಗೆ ಹೋಯಿತು. ಹೀಗಾಗಿ ಹಳೆಯ ಆಟಗಳಲ್ಲಿ ಕಂಪನಿಯ ವರ್ಷಗಳ ಅನುಭವ ಎದ್ದು ಕಾಣುತ್ತದೆ. ಹೊಸ ಆಟಗಳಲ್ಲಿ ತಪ್ಪು ಯಾರದೆಂದು ಹೊರಗಿನಿಂದ ಹೇಳುವುದು ಕಷ್ಟ.

ಇಂಟೆಲ್ ಕಂಪನಿಯ ಕಥೆ ಇದಕ್ಕೆ ಸ್ಪಷ್ಟವಾದ ಉದಾಹರಣೆ. 2022ರ ಅಕ್ಟೋಬರಿನಲ್ಲಿ ಆರ್ಕ್ ಎ750 ಮತ್ತು ಎ770 ಕಾರ್ಡುಗಳು ಬಂದಾಗ ಹೊಸ ಆಟಗಳು ಚೆನ್ನಾಗಿಯೇ ಓಡಿದವು, ಡೈರೆಕ್ಟ್‌ಎಕ್ಸ್ 9ರ ಹಳೆಯ ಆಟಗಳು ತೆವಳಿದವು. ಆ ಹಳೆಯ ವ್ಯವಸ್ಥೆಗೆ ನೇರವಾದ ಬೆಂಬಲವನ್ನು ಇಂಟೆಲ್ ಬರೆದಿರಲಿಲ್ಲ. ಆಜ್ಞೆಗಳನ್ನು ಡೈರೆಕ್ಟ್‌ಎಕ್ಸ್ 12ಕ್ಕೆ ಬದಲಾಯಿಸುವ ಮೈಕ್ರೋಸಾಫ್ಟಿನ ಪದರವೊಂದನ್ನು ನೆಚ್ಚಿಕೊಂಡಿತ್ತು. ಮುಂದಿನ ತಿಂಗಳುಗಳಲ್ಲಿ ಡಿಎಕ್ಸ್‌ವಿಕೆ ಎಂಬ ಮುಕ್ತ ತಂತ್ರಾಂಶದ ನೆರವನ್ನೂ ಪಡೆದು ಅದೇ ಕಾರ್ಡಿನಲ್ಲಿ ಆ ಆಟಗಳ ವೇಗವನ್ನು ಗಣನೀಯವಾಗಿ ಏರಿಸಿದರು. ಕಾರ್ಡಿನ ಲೋಹವೂ ಸಿಲಿಕಾನೂ ಬದಲಾಗಿರಲಿಲ್ಲ, ಡ್ರೈವರ್ ಮಾತ್ರ ಬೆಳೆದಿತ್ತು. ಆ ಕೆಲಸ ಮಾಡಿದವರ ಶ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಾಗೆಂದು ಹಳೆಯ ಮದರ್‌ಬೋರ್ಡ್ ಇರುವವರಿಗೆ ಆರ್ಕ್ ಕಾರ್ಡನ್ನು ಹೇಳಲಾರೆ. ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರು ಒಟ್ಟಿಗೆ ತಲುಪಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಬೋರ್ಡಿನಲ್ಲಿ ಅದರ ವೇಗ ಬಹಳ ಕುಸಿಯುತ್ತದೆ. 2024ರ ಡಿಸೆಂಬರಿನಲ್ಲಿ ಬಂದ ಮುಂದಿನ ಪೀಳಿಗೆಯ ಆರ್ಕ್ ಕಾರ್ಡು ಬಿ580 ಕೂಡ ಹಳೆಯ ಪ್ರೊಸೆಸರುಗಳ ಜೊತೆ ನಿರೀಕ್ಷೆಗಿಂತ ನಿಧಾನವಾಗುತ್ತದೆಂದು ಪರೀಕ್ಷಿಸಿದವರು ತೋರಿಸಿಕೊಟ್ಟರು.

ಇನ್ನು ಎಎಂಡಿಗೆ ಅಂಟಿರುವ ಕೆಟ್ಟ ಹೆಸರು. ಅದರಲ್ಲಿ ಒಂದಷ್ಟು ಪಾಲು 2006ರಲ್ಲಿ ಅದು ಕೊಂಡುಕೊಂಡ ಎಟಿಐ ಕಂಪನಿಯಿಂದ ಪಿತ್ರಾರ್ಜಿತವಾಗಿ ಬಂದದ್ದು, ಇನ್ನೊಂದಷ್ಟು ಸ್ವಯಾರ್ಜಿತ. 2015ರ ನವೆಂಬರಿನಲ್ಲಿ ಬಂದ ಕ್ರಿಮ್ಸನ್ ಡ್ರೈವರಿನಲ್ಲಿ ಕೆಲವು ಕಾರ್ಡುಗಳ ಫ್ಯಾನ್ ಕಡಿಮೆ ವೇಗದಲ್ಲೇ ಸಿಕ್ಕಿಕೊಂಡು ಕಾರ್ಡು ಕಾಯತೊಡಗಿತು; ಕೂಡಲೇ ತಿದ್ದುಪಡಿ ಕೊಡಬೇಕಾಯಿತು. 2019ರ ಜುಲೈಯಲ್ಲಿ ಬಂದ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡಿನ ಕಪ್ಪು ಪರದೆಯ ದೂರುಗಳು ತಿಂಗಳುಗಟ್ಟಲೆ ನಿಲ್ಲಲಿಲ್ಲ, 2020ರ ಫೆಬ್ರವರಿಯ 20.2.2 ಆವೃತ್ತಿಯಲ್ಲಷ್ಟೇ ಬಹುಪಾಲು ತಹಬಂದಿಗೆ ಬಂದವು. ನನಗೆ ಇದೆಲ್ಲಕ್ಕಿಂತ ಗಂಭೀರವಾಗಿ ಕಂಡದ್ದು 2023ರ ಅಕ್ಟೋಬರಿನ ಪ್ರಕರಣ. ಆಂಟಿ-ಲ್ಯಾಗ್ ಪ್ಲಸ್ ಎಂಬ ಸೌಲಭ್ಯ ಆಟದ ಒಳಗಿನ ಕೋಡಿಗೆ ಕೈಹಾಕುತ್ತಿದ್ದುದರಿಂದ, ಕೌಂಟರ್-ಸ್ಟ್ರೈಕ್ 2 ಆಡುತ್ತಿದ್ದ ಪ್ರಾಮಾಣಿಕ ಆಟಗಾರರನ್ನು ಮೋಸಗಾರರೆಂದು ಆಟವೇ ನಿಷೇಧಿಸಿತು. ಪರದೆ ಕಪ್ಪಾದರೆ ಯಂತ್ರವನ್ನು ಮತ್ತೆ ಚಾಲೂ ಮಾಡಬಹುದು. ಮಾಡದ ಮೋಸಕ್ಕೆ ಹೆಸರು ಕೆಡುವುದು ಬೇರೆಯೇ ಬಗೆಯ ನಷ್ಟ. ಎಎಂಡಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು. ಒಳ್ಳೆಯದನ್ನೂ ಹೇಳಬೇಕು: ಓಪನ್‌ಜಿಎಲ್ ವಿಷಯದಲ್ಲಿ ಬಹುಕಾಲ ಹಿಂದುಳಿದಿದ್ದ ಅದೇ ಕಂಪನಿ 2022ರ ಜುಲೈಯ ಡ್ರೈವರಿನಲ್ಲಿ ಆ ಭಾಗವನ್ನು ದೊಡ್ಡ ಪ್ರಮಾಣದಲ್ಲಿ ಸುಧಾರಿಸಿತು, ಮೈನ್‌ಕ್ರಾಫ್ಟ್ ಆಡುವ ಮಕ್ಕಳಿಗೆ ಅದರ ಲಾಭ ನೇರವಾಗಿ ಸಿಕ್ಕಿತು.

ಎನ್‌ವಿಡಿಯಾದ ದಾಖಲೆ ಇದಕ್ಕಿಂತ ನಿರ್ಮಲವೇ? ವಿಂಡೋಸ್ ವಿಸ್ಟಾ ಕಾಲದಲ್ಲಿ ಮೈಕ್ರೋಸಾಫ್ಟ್ ಸಂಗ್ರಹಿಸಿದ್ದ ಕ್ರ್ಯಾಶ್ ವರದಿಗಳು 2008ರಲ್ಲಿ ಒಂದು ಮೊಕದ್ದಮೆಯ ಮೂಲಕ ಬಹಿರಂಗವಾದಾಗ, 2007ರಲ್ಲಿ ದಾಖಲಾದ ಕ್ರ್ಯಾಶ್‌ಗಳಲ್ಲಿ ಶೇ. 28.8ರಷ್ಟು ಎನ್‌ವಿಡಿಯಾ ಡ್ರೈವರಿಗೆ, ಶೇ. 9.3ರಷ್ಟು ಎಟಿಐ ಡ್ರೈವರಿಗೆ ಸೇರಿದ್ದವು. ಎನ್‌ವಿಡಿಯಾ ಕಾರ್ಡುಗಳು ಹೆಚ್ಚು ಮಾರಾಟವಾಗಿದ್ದವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ಅಂಕಿಗಳನ್ನು ಓದಬೇಕು. 2010ರ ಮಾರ್ಚಿನ 196.75 ಆವೃತ್ತಿ ಫ್ಯಾನಿನ ನಿಯಂತ್ರಣವನ್ನು ಕೆಡಿಸಿದ್ದರಿಂದ ಕಂಪನಿ ಅದನ್ನು ಹಿಂತೆಗೆದುಕೊಂಡಿತು. 2016ರ ಮಾರ್ಚಿನ 364.47 ಆವೃತ್ತಿಗೆ ಮೈಕ್ರೋಸಾಫ್ಟಿನ ಪ್ರಮಾಣಪತ್ರವಿದ್ದರೂ ಅನೇಕರ ಯಂತ್ರಗಳು ಅದನ್ನು ಹಾಕಿಕೊಂಡ ಮೇಲೆ ಸರಿಯಾಗಿ ಏಳಲಿಲ್ಲ. ತೀರ ಇತ್ತೀಚೆಗೆ, 2025ರ ಜನವರಿಯಲ್ಲಿ ಆರ್‌ಟಿಎಕ್ಸ್ 50 ಸರಣಿ ಬಂದಾಗ ಕಪ್ಪು ಪರದೆಯ ದೂರುಗಳು ಒಂದರ ಹಿಂದೊಂದು ಬಂದವು, ಏಪ್ರಿಲಿನ 576.02 ಆವೃತ್ತಿಯ ತಿದ್ದುಪಡಿ ಪಟ್ಟಿ ಉದ್ದವಾಗಿತ್ತು, ಅದರ ಬೆನ್ನಿಗೇ ನಿದ್ರೆಯಿಂದ ಎದ್ದ ಯಂತ್ರದಲ್ಲಿ ಉಷ್ಣಾಂಶ ತಪ್ಪಾಗಿ ಕಾಣುವ ದೋಷಕ್ಕೆ ಮತ್ತೊಂದು ತುರ್ತು ತಿದ್ದುಪಡಿ ಬೇಕಾಯಿತು. ಎಎಂಡಿಗೆ 2019ರಲ್ಲಿ ಆದದ್ದೇ ಎನ್‌ವಿಡಿಯಾಕ್ಕೆ 2025ರಲ್ಲಿ ಆಯಿತು. ವಿಂಡೋಸಿನಲ್ಲಿ, ಬಗೆಬಗೆಯ ಹಳೆಯ ಮತ್ತು ಹೊಸ ಆಟಗಳನ್ನು ಆಡುವವರಿಗೆ ಒಟ್ಟಾರೆಯಾಗಿ ಎನ್‌ವಿಡಿಯಾ ಕಡಿಮೆ ತಲೆನೋವಿನದ್ದು ಎಂಬುದನ್ನು ನಾನೂ ಒಪ್ಪುತ್ತೇನೆ. ಬಹುಪಾಲು ಆಟಗಾರರ ಬಳಿ ಅದೇ ಕಾರ್ಡಿರುವುದರಿಂದ ಆಟ ತಯಾರಿಸುವವರು ಮೊದಲು ಅದರ ಮೇಲೆಯೇ ಪರೀಕ್ಷಿಸುತ್ತಾರೆ ಎಂಬುದು ಅದಕ್ಕೆ ಒಂದು ಕಾರಣ. ಆದರೆ ಆ ಅಂತರ ಜನ ಹೇಳುವಷ್ಟು ದೊಡ್ಡದಲ್ಲ, ಹೊಸ ಪೀಳಿಗೆಯ ಮೊದಲ ತಿಂಗಳುಗಳಲ್ಲಂತೂ ಅದು ಇರುವುದೇ ಇಲ್ಲ.

ಈ ಮೊದಲ ತಿಂಗಳುಗಳ ಮಾತು ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಕಾಫಿ ಕೊಯ್ಲು ಮುಗಿದು ಹಣ ಕೈಗೆ ಬರುವುದು ಜನವರಿಯಿಂದ ಮಾರ್ಚ್‌ವರೆಗಿನ ಕಾಲದಲ್ಲಿ. ಆರ್‌ಟಿಎಕ್ಸ್ 50 ಸರಣಿ ಬಂದದ್ದು ಜನವರಿಯಲ್ಲಿ, ಎಎಂಡಿಯ ಆರ್‌ಎಕ್ಸ್ 9070 ಬಂದದ್ದು ಮಾರ್ಚಿನಲ್ಲಿ. ವರ್ಷವಿಡೀ ಕಾದ ಮಗನಿಗೆ ಅಪ್ಪ ಆಗಲೇ ಕಾರ್ಡು ಕೊಡಿಸುತ್ತಾರೆ, ಹಾಗೆ ಕೊಂಡದ್ದು ಕೂಸು ಡ್ರೈವರಿನ ಜೊತೆ ಮನೆಗೆ ಬರುತ್ತದೆ. ನನ್ನ ಸಲಹೆ ಕೇಳುವುದಾದರೆ, ಕಾಫಿ ಹಣವನ್ನು ಬ್ಯಾಂಕಿನಲ್ಲಿಟ್ಟು ಕೈಲ್‌ಪೊಳ್ದ್ ಹಬ್ಬದ ತನಕ, ಅಂದರೆ ಸೆಪ್ಟೆಂಬರಿನ ತನಕ, ಕಾಯಿರಿ. ಅಷ್ಟರಲ್ಲಿ ಐದಾರು ಡ್ರೈವರ್ ಆವೃತ್ತಿಗಳು ಬಂದಿರುತ್ತವೆ, ಯಾವುದು ಗಟ್ಟಿ ಎಂಬುದು ತಿಳಿದಿರುತ್ತದೆ.

ವಯಸ್ಸಿನ ಇನ್ನೊಂದು ತುದಿಯನ್ನೂ ನೋಡಬೇಕು, ಏಕೆಂದರೆ ಇಲ್ಲಿ ಹಳೆಯ ಕಾರ್ಡು ಕೊಳ್ಳುವವರೇ ಹೆಚ್ಚು. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಗೆ ಎನ್‌ವಿಡಿಯಾ 2025ರ ಅಕ್ಟೋಬರಿನವರೆಗೆ ಹೊಸ ಆಟಗಳಿಗೆ ಸಿದ್ಧಪಡಿಸಿದ ಡ್ರೈವರ್ ಕೊಟ್ಟಿತು, ಭದ್ರತಾ ತಿದ್ದುಪಡಿಗಳು 2028ರ ಅಕ್ಟೋಬರಿನವರೆಗೆ ಬರುತ್ತವೆ. ಇಷ್ಟು ದೀರ್ಘ ಬೆಂಬಲ ನಿಜಕ್ಕೂ ಶ್ಲಾಘನೀಯ. ಎಎಂಡಿ ತನ್ನ ಪೋಲಾರಿಸ್ ಮತ್ತು ವೆಗಾ ಕಾರ್ಡುಗಳನ್ನು 2023ರಲ್ಲೇ ಮುಖ್ಯ ಡ್ರೈವರಿನಿಂದ ಬೇರ್ಪಡಿಸಿತು. ಸೆಕೆಂಡ್‌ಹ್ಯಾಂಡ್ ಕಾರ್ಡು ಕೊಳ್ಳುವ ಮುನ್ನ ಈ ಬೆಂಬಲದ ದಿನಾಂಕವನ್ನು ಕಂಪನಿಯ ತಾಣದಲ್ಲಿ ನೋಡಿಯೇ ಮುಂದುವರಿಯಿರಿ.

ಈಗ ಅತ್ಯಂತ ಮುಖ್ಯವೆಂದು ನಾನು ಭಾವಿಸುವ ಭಾಗಕ್ಕೆ ಬರುತ್ತೇನೆ. ಡ್ರೈವರಿನ ಮೇಲೆ ಹೊರಿಸುವ ಆರೋಪಗಳಲ್ಲಿ ಒಂದು ದೊಡ್ಡ ಪಾಲು ಡ್ರೈವರಿಗೆ ಸೇರಿದ್ದೇ ಅಲ್ಲ. ಕಾರ್ಡು ಎರಡು ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಬಲವಂತವಾಗಿ ಮರುಹೊಂದಿಸುತ್ತದೆ. ಟಿಡಿಆರ್ ಎಂಬ ಈ ವ್ಯವಸ್ಥೆ ವಿಸ್ಟಾದಲ್ಲಿ ಬಂತು. ಆಗ ‘ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿದೆ’ ಎಂಬ ಸಂದೇಶ ಬರುತ್ತದೆ, ವಿಂಡೋಸ್ ತನ್ನೊಳಗಿನ ಘಟನೆಗಳನ್ನು ಬರೆದಿಡುವ ದಿನಚರಿಯನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ 4101 ಎಂಬ ಸಂಖ್ಯೆಯೊಂದಿಗೆ ದಾಖಲಾಗುತ್ತದೆ. ಸಂದೇಶದಲ್ಲಿ ಡ್ರೈವರಿನ ಹೆಸರಿರುವುದರಿಂದ ಎಲ್ಲರೂ ಅದನ್ನೇ ದೂರುತ್ತಾರೆ. ಕಾರ್ಡು ಉತ್ತರಿಸದಿರಲು ಕಾದ ಚಿಪ್ಪು, ಸೋತ ಪವರ್ ಸಪ್ಲೈ, ಮಿತಿಮೀರಿ ಏರಿಸಿದ ವೇಗ, ಕೆಟ್ಟ ರ‍್ಯಾಮ್, ಏನು ಬೇಕಾದರೂ ಕಾರಣವಾಗಿರಬಹುದು. 2024ರಲ್ಲಿ ಅನ್‌ರಿಯಲ್ ಎಂಜಿನ್ನಿನ ಆಟಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಮುಚ್ಚಿಕೊಳ್ಳತೊಡಗಿದಾಗ ಜನ ಗ್ರಾಫಿಕ್ಸ್ ಡ್ರೈವರನ್ನು ಬೈದರು. ನಿಜವಾದ ದೋಷವಿದ್ದದ್ದು ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರುಗಳಲ್ಲಿ, ಅವುಗಳಿಗೆ ಅತಿಯಾದ ವೋಲ್ಟೇಜ್ ಹೋಗುತ್ತಿತ್ತು. ಆ ವರ್ಷದ ಆಗಸ್ಟಿನಿಂದ ಪ್ರೊಸೆಸರಿನ ಒಳಗೇ ಓಡುವ ಮೈಕ್ರೋಕೋಡ್ ಎಂಬ ತಂತ್ರಾಂಶದ ಹೊಸ ಆವೃತ್ತಿ ಕೊಡಲಾಯಿತು.

ನಮ್ಮಲ್ಲಿ ಇದಕ್ಕೆ ಮಳೆಗಾಲ ಸೇರಿಕೊಳ್ಳುತ್ತದೆ. ಕಕ್ಕಡ ತಿಂಗಳಲ್ಲಿ ಸುಂಟಿಕೊಪ್ಪದ ಕಡೆಯ ವಿದ್ಯಾರ್ಥಿಯೊಬ್ಬ ಎಎಂಡಿಯ ರೇಡಿಯಾನ್ ಕಾರ್ಡಿನ ಡ್ರೈವರ್ ದಿನಾ ಕ್ರ್ಯಾಶ್ ಆಗುತ್ತದೆಂದು ಯಂತ್ರವನ್ನೇ ಹೊತ್ತು ತಂದಿದ್ದ. ಕಾರ್ಡನ್ನು ಸ್ಲಾಟಿನಿಂದ ತೆಗೆದು ಬೆಳಕಿಗೆ ಹಿಡಿದರೆ ಚಿನ್ನದ ಬಣ್ಣದ ಸಂಪರ್ಕಪಟ್ಟಿಗಳು ಮಂಕಾಗಿದ್ದವು, ರ‍್ಯಾಮಿನ ಪಟ್ಟಿಗಳ ಮೇಲೆ ಕಂದು ಪೊರೆ ಕಟ್ಟಿತ್ತು. ಬಿಳಿ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಬ್ರಶ್ಶಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿದೆವು. ಡ್ರೈವರ್ ಅದೇ, ಆವೃತ್ತಿ ಅದೇ. ಹಗಲಿನ ಕ್ರ್ಯಾಶ್ ನಿಂತಿತು. ಸಂಜೆಯದು ಮಾತ್ರ ಉಳಿಯಿತು. ವಿಚಾರಿಸಿದಾಗ, ಅವರ ಮನೆಯ ಲೈನಿನಲ್ಲಿ ಸಂಜೆ ವೋಲ್ಟೇಜ್ ಬೀಳುತ್ತಿತ್ತು, ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲೇ ಯಂತ್ರ ತತ್ತರಿಸುತ್ತಿತ್ತು. ಪ್ಯೂರ್ ಸೈನ್ ವೇವ್ ಯುಪಿಎಸ್ ಹಾಕಿಸಿದ ಮೇಲೆ ಅದೂ ಸರಿಹೋಯಿತು. ಅಲ್ಲಿಯವರೆಗೆ ಅವನು ಆ ಕಾರ್ಡನ್ನು ಅರ್ಧ ಬೆಲೆಗೆ ಮಾರಲು ನಿಶ್ಚಯಿಸಿದ್ದ.

ಡ್ರೈವರೇ ತಪ್ಪಿತಸ್ಥ ಎಂದು ಖಚಿತವಾದಾಗ ಮಾಡಬೇಕಾದ ಕೆಲಸ ಸರಳ. ಚೆನ್ನಾಗಿ ಓಡುತ್ತಿದ್ದ ಹಿಂದಿನ ಆವೃತ್ತಿಗೆ ಮರಳಬೇಕು. ಮರ ಬಿದ್ದು ಕೇಬಲ್ ಕಡಿದರೆ ಎರಡು ಮೂರು ದಿನ ಇಂಟರ್‌ನೆಟ್ ಇಲ್ಲದ ಊರುಗಳು ನಮ್ಮವು, ಆದುದರಿಂದ ನಂಬಿಕೆ ಹುಟ್ಟಿಸಿದ ಆವೃತ್ತಿಯ ಕಡತವನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ. ಸೇಫ್ ಮೋಡಿನಲ್ಲಿ ಡಿಡಿಯು ಎಂಬ ತಂತ್ರಾಂಶದಿಂದ ಹಳೆಯದನ್ನು ಪೂರ್ತಿ ತೆಗೆದು ಹಾಕಿ, ನೆಟ್ ಸಂಪರ್ಕವನ್ನು ಕಡಿದಿಟ್ಟೇ ಹೊಸದಾಗಿ ಹಾಕಿರಿ. ಇಲ್ಲವಾದರೆ ವಿಂಡೋಸ್ ಅಪ್‌ಡೇಟ್ ನಡುವೆ ನುಗ್ಗಿ ತನ್ನದೇ ಆವೃತ್ತಿಯನ್ನು ತಂದು ಕೂರಿಸುತ್ತದೆ. ಎಎಂಡಿ ಕಾರ್ಡುಗಳಲ್ಲಿ ಈ ತೊಂದರೆಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಲಿನಕ್ಸ್ ಬಳಸುವವರಿಗೆ ಒಂದೇ ಮಾತು: ಅಲ್ಲಿ ಎಎಂಡಿಯೇ ನನ್ನ ಮೊದಲ ಆಯ್ಕೆ. ಅದರ ಮುಕ್ತ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನೆಲ್ಲಿನೊಳಗೇ ಇದೆ, 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಓಡುವುದೂ ಅದರ ಮೇಲೆಯೇ. ಎನ್‌ವಿಡಿಯಾ ಅದೇ ವರ್ಷದ ಮೇ ತಿಂಗಳಲ್ಲಿ ತನ್ನ ಕರ್ನೆಲ್ ಭಾಗವನ್ನಷ್ಟೇ ಮುಕ್ತಗೊಳಿಸಿತು.

ಈ ಮೇಜಿನ ಮೇಲಿರುವ ಯಂತ್ರದಲ್ಲಿ ನಿನ್ನೆ ಸಂಜೆಯ ಒಂದು ಕ್ರ್ಯಾಶ್ ದಾಖಲಾಗಿದೆ. ಈವೆಂಟ್ ವ್ಯೂವರ್ ತೆರೆದು 4101ರ ಹಿಂದಿನ ಐದು ನಿಮಿಷಗಳಲ್ಲಿ ಏನೇನು ನಡೆದಿದೆ ಎಂದು ಈಗ ಒಟ್ಟಿಗೆ ಓದೋಣ. ಹಿಂದೆ ಕುಳಿತವರು ದಯವಿಟ್ಟು ಮುಂದಿನ ಸಾಲುಗಳಿಗೆ ಬನ್ನಿ.