ಕೊಂಡ ಷೇರು ಕೈಸೇರುವ ತನಕ

ಕೇಳುಗರೆಲ್ಲರಿಗೂ ನಮಸ್ಕಾರ.

ಷೇರು ಪೇಟೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಷೇರು ಬೆಲೆಗಳ ಸೂಚ್ಯಂಕ ನಿಫ್ಟಿ ಏರಿತೋ, ಇಳಿಯಿತೋ? ದಯವಿಟ್ಟು ಅದನ್ನು ವಾರ್ತೆಯಲ್ಲಿ ಕೇಳಿಕೊಳ್ಳಿ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ಮಾಡಿದ ದೊಡ್ಡ ಕೆಲಸ ಬೇರೆಯೇ ಇದೆ. ದುಡ್ಡು ಕೊಟ್ಟವರಿಗೆ ಷೇರು ಸೇರಬೇಕು, ಷೇರು ಕೊಟ್ಟವರಿಗೆ ದುಡ್ಡು ಸೇರಬೇಕು. ಇಷ್ಟೇ. ಇದು ಮೊದಲು ಹೀಗಿರಲಿಲ್ಲ.

1993ರಲ್ಲಿ ಸಣ್ಣ ಊರಿನ ಒಬ್ಬರು ನೂರು ಷೇರು ಕೊಳ್ಳಲು ಹೊರಟರು ಅಂತಿಟ್ಟುಕೊಳ್ಳಿ. ಅವರು ತಮ್ಮ ಬ್ರೋಕರಿಗೆ ಹೇಳಬೇಕು, ಆತ ಮುಂಬೈನ ಬ್ರೋಕರಿಗೆ ಫೋನು ಮಾಡಬೇಕು. ಅಲ್ಲಿನ ಷೇರುಪೇಟೆ ಇರುವ ದಲಾಲ್ ಸ್ಟ್ರೀಟಿನ ಅಂಗಳದಲ್ಲಿ ಕೂಗಾಡಿ ವ್ಯಾಪಾರ ಕುದುರುತ್ತಿತ್ತು. ಯಾವ ಬೆಲೆಗೆ ಕುದುರಿತು? ಬ್ರೋಕರು ಹೇಳಿದ್ದೇ ಬೆಲೆ. ಪರೀಕ್ಷಿಸಲು ದಾರಿ ಇರಲಿಲ್ಲ.

ದುಡ್ಡು ಕೊಟ್ಟಾಯಿತು. ವಾರಗಳ ನಂತರ ಷೇರು ಪತ್ರ ಬಂತು, ಜೊತೆಗೆ ಮಾರಿದವರು ಸಹಿ ಹಾಕಿದ ವರ್ಗಾವಣೆ ಅರ್ಜಿ. ಅದರಲ್ಲಿ ತಮ್ಮ ಹೆಸರು ತುಂಬಿ, ನೂರು ರೂಪಾಯಿಗೆ ಐವತ್ತು ಪೈಸೆ ಲೆಕ್ಕದಲ್ಲಿ ಸ್ಟಾಂಪು ಅಂಟಿಸಿ, ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕಂಪನಿಗೆ ಎರಡು ತಿಂಗಳ ಕಾಲಾವಕಾಶ. ಅಲ್ಲಿನ ಗುಮಾಸ್ತರು ಸಹಿಯನ್ನು ಹಳೆಯ ಮಾದರಿ ಸಹಿಯ ಪಕ್ಕ ಇಟ್ಟು ನೋಡುತ್ತಿದ್ದರು. ಇನಿಷಿಯಲ್‌ನ ಒಂದು ಬಾಲ ಬೇರೆ ಕಡೆಗೆ ತಿರುಗಿದ್ದರೂ ಸಾಕು, 'ಸಹಿ ಹೊಂದುತ್ತಿಲ್ಲ' ಎಂಬ ಚೀಟಿಯೊಂದಿಗೆ ಪತ್ರ ವಾಪಸ್! ಕೊಂಡವರಿಂದ ಅವರ ಬ್ರೋಕರಿಗೆ, ಅಲ್ಲಿಂದ ಮಾರಿದವರ ಬ್ರೋಕರಿಗೆ, ಕೊನೆಗೆ ಮಾರಿದವರಿಗೆ. ಅವರು ಊರು ಬಿಟ್ಟಿದ್ದರೆ? ತೀರಿಕೊಂಡಿದ್ದರೆ? ಅಷ್ಟರಲ್ಲಿ ಡಿವಿಡೆಂಡ್, ಬೋನಸ್ ಎಲ್ಲವೂ ಹಳೆಯ ಹೆಸರಿಗೇ ಹೋಗುತ್ತಿತ್ತು. ಇದಕ್ಕೆ ಪೇಟೆಯಲ್ಲಿ 'ಬ್ಯಾಡ್ ಡೆಲಿವರಿ' ಎನ್ನುತ್ತಿದ್ದರು. ಅಂಚೆಯಲ್ಲಿ ಕಳೆದುಹೋದದ್ದು, ಕದ್ದದ್ದು, ನಕಲಿ ಮುದ್ರಿಸಿದ್ದು ಇನ್ನೊಂದು ಕಥೆ.

ಈ ಪೇಟೆಯನ್ನು ಸರಿಪಡಿಸುವುದಕ್ಕಿಂತ ಹೊಸದನ್ನು ಕಟ್ಟುವುದೇ ಮೇಲು ಎಂಬ ತೀರ್ಮಾನವಾಯಿತು. ಸರ್ಕಾರ ನೇಮಿಸಿದ್ದ ಫೆರ್ವಾನಿ ಸಮಿತಿಯ ಶಿಫಾರಸಿನಂತೆ, ಬ್ರೋಕರು ಹರ್ಷದ್ ಮೆಹ್ತಾ ಬ್ಯಾಂಕುಗಳ ಹಣದಿಂದ ಷೇರು ಬೆಲೆ ಏರಿಸಿದ ಹಗರಣ ಬಯಲಾದ ವರ್ಷವೇ, 1992ರ ನವೆಂಬರಿನಲ್ಲಿ ಎನ್‌ಎಸ್‌ಇ ಸ್ಥಾಪನೆಯಾಯಿತು. ಐಡಿಬಿಐ ಮುಂತಾದ ಹಣಕಾಸು ಸಂಸ್ಥೆಗಳು ಅದರ ಒಡೆಯರು. ಬ್ರೋಕರುಗಳ ಒಡೆತನ ಇರಲಿಲ್ಲ, ಇದು ಬಹಳ ಮುಖ್ಯ. ಆರ್. ಎಚ್. ಪಾಟೀಲರು ಮೊದಲ ವ್ಯವಸ್ಥಾಪಕ ನಿರ್ದೇಶಕರು. 1994ರ ನವೆಂಬರ್ 3ರಂದು ಷೇರು ವಹಿವಾಟು ಶುರುವಾಯಿತು. ಅಂಗಳವಿಲ್ಲ, ಕೂಗಾಟವಿಲ್ಲ. ಉಪಗ್ರಹದ ಮೂಲಕ ಊರೂರಿನ ಬ್ರೋಕರುಗಳ ಕಂಪ್ಯೂಟರಿಗೆ ಒಂದೇ ಬೆಲೆ. ಒಳ್ಳೆಯ ಬೆಲೆಗೆ ಮೊದಲ ಸರದಿ, ಬೆಲೆ ಒಂದೇ ಆದರೆ ಮೊದಲು ಬಂದ ಆರ್ಡರಿಗೆ. 1875ರಿಂದ ನಡೆದುಬಂದಿದ್ದ ಮುಂಬೈ ಷೇರುಪೇಟೆಯನ್ನು ಎನ್‌ಎಸ್‌ಇ ಸುಮಾರು ಒಂದೇ ವರ್ಷದಲ್ಲಿ ವಹಿವಾಟಿನಲ್ಲಿ ಹಿಂದಿಕ್ಕಿತು.

ಆದರೆ ಪರದೆಯ ಮೇಲೆ ಬೆಲೆ ಕಂಡರೆ ಷೇರು ಕೈಸೇರಿದಂತಲ್ಲ! ಅದಕ್ಕೆ ಇನ್ನೆರಡು ಬೇಕಿತ್ತು. 1996ರ ಏಪ್ರಿಲ್‌ನಿಂದ ಕ್ಲಿಯರಿಂಗ್ ಕಾರ್ಪೊರೇಷನ್ ನಡುವೆ ನಿಂತಿತು: ಕೊಂಡವರ ಪಾಲಿಗೆ ಅದೇ ಮಾರುವವರು, ಮಾರಿದವರ ಪಾಲಿಗೆ ಅದೇ ಕೊಳ್ಳುವವರು. ಒಬ್ಬ ಬ್ರೋಕರು ಕೈಯೆತ್ತಿದರೂ ಇನ್ನೊಬ್ಬರ ವ್ಯವಹಾರ ನಿಲ್ಲದು. ಅದೇ ವರ್ಷ ಷೇರುಗಳನ್ನು ಕಂಪ್ಯೂಟರಿನ ಲೆಕ್ಕದಲ್ಲಿ ಇಡುವ ಸಂಸ್ಥೆ ಎನ್‌ಎಸ್‌ಡಿಎಲ್ ಬಂತು, ಕಾಗದ ಹೋಗಿ ಡಿಮ್ಯಾಟ್, ಅಂದರೆ ಕಾಗದವಿಲ್ಲದ ಷೇರು ಖಾತೆಯ ನಮೂದು ಬಂತು. ಸಹಿಯ ಜಗಳ ಅಲ್ಲಿಗೆ ಮುಗಿಯಿತು. ಸೆಟಲ್‌ಮೆಂಟ್, ಅಂದರೆ ವ್ಯಾಪಾರದ ನಂತರ ದುಡ್ಡು, ಷೇರು ಕೈಸೇರಲು ಹಿಡಿಯುವ ಸಮಯ, 2002ರಲ್ಲಿ ಮೂರು ದಿನಕ್ಕೆ, 2003ರಲ್ಲಿ ಎರಡಕ್ಕೆ ಇಳಿಯಿತು. 2023ರ ಜನವರಿಯಿಂದ ಎಲ್ಲ ಷೇರುಗಳಿಗೂ ಮರು ಕೆಲಸದ ದಿನವೇ.

ನಿಫ್ಟಿ 1996ರಲ್ಲಿ, ಮುಂದಿನ ದಿನಾಂಕಕ್ಕೆ ಇಂದೇ ಬೆಲೆ ಗೊತ್ತುಮಾಡುವ ಫ್ಯೂಚರ್ಸ್ ಒಪ್ಪಂದ 2000ದಲ್ಲಿ ಬಂದವು. ಅವುಗಳ ಬಗ್ಗೆ ಹೇಳಲು ಸಮಯ ಸಾಲದು, ಹೇಳದಿದ್ದಕ್ಕೆ ನನಗೆ ಬೇಸರವೂ ಇಲ್ಲ.

ಒಂದು ಕೆಲಸದ ಮಾತು ಹೇಳಿಬಿಡುತ್ತೇನೆ. ಮನೆಯ ಬೀರುವಿನಲ್ಲಿ ಹಳೆಯ ಷೇರು ಪತ್ರ ಇವೆಯೇ? 2019ರ ಏಪ್ರಿಲ್‌ನಿಂದ ಕಾಗದದ ರೂಪದಲ್ಲಿ ಅವನ್ನು ಮಾರಿ ವರ್ಗಾಯಿಸುವಂತಿಲ್ಲ. ಮೊದಲು ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಐಎಸ್‌ಆರ್-1 ಅರ್ಜಿಯಲ್ಲಿ ಪ್ಯಾನ್, ವಿಳಾಸ, ಬ್ಯಾಂಕ್ ವಿವರ ಕೊಡಿ. ಸಹಿ ಬದಲಾಗಿದ್ದರೆ ಐಎಸ್‌ಆರ್-2 ತುಂಬಿ ನಿಮ್ಮ ಬ್ಯಾಂಕಿನಲ್ಲಿ ದೃಢೀಕರಿಸಿಕೊಳ್ಳಿ. ಆಮೇಲೆ ನಿಮ್ಮ ಡಿಮ್ಯಾಟ್ ಖಾತೆ ಇರುವ ಬ್ರೋಕರಿಗೋ ಬ್ಯಾಂಕಿಗೋ ಡಿಮ್ಯಾಟ್ ಅರ್ಜಿಯೊಂದಿಗೆ ಮೂಲ ಪತ್ರ ಕೊಡಿ. ಪತ್ರದಲ್ಲಿರುವ ಹೆಸರೇ ಖಾತೆಯಲ್ಲೂ ಇರಲಿ, ಇಲ್ಲದಿದ್ದರೆ ಅರ್ಜಿ ತಿರುಗಿ ಬರುತ್ತದೆ. ಕಳಿಸುವ ಮುನ್ನ ಎರಡೂ ಬದಿಯ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ. ನಮಸ್ಕಾರ.