ಐದು ತಟ್ಟೆ ನೆಲ್ಲು

ಕೇಳುಗರೇ, ನಮಸ್ಕಾರ.

ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರರಾಗಿ ಹೋಗುವ ಶಿಕ್ಷಕರ ಜೊತೆ ಇವತ್ತು ನಾಲ್ಕು ಮಾತು.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರಾ ಡ್ಯಾಮಿನ ಮಾದರಿ ಇಲ್ಲದ ಪ್ರದರ್ಶನ ಅಪರೂಪ. ಥರ್ಮೋಕೋಲ್, ಬಣ್ಣದ ಲೈಟು, 33 ಗೇಟು. ವರ್ಷಗಳ ಹಿಂದೆ ಅಂಥದ್ದೊಂದಕ್ಕೆ ನಾನೇ ಮೊದಲ ಬಹುಮಾನ ಕೊಟ್ಟೆ.

ಪಕ್ಕದ ಟೇಬಲ್ಲಿನಲ್ಲಿ ಕಾರಟಗಿ ಕಡೆಯ ಒಬ್ಬ ಹುಡುಗಿ ಇದ್ದಳು. ಅವರ ಹೊಲ ಸವಳು ಹಿಡಿದಿತ್ತು. ನೀರಿನಲ್ಲಿ ಎಷ್ಟು ಉಪ್ಪಿದ್ದರೆ ನೆಲ್ಲು ಮೊಳೆಯುವುದಿಲ್ಲ ಎಂದು ನೋಡಲು ಹೊರಟಿದ್ದಳು. ಐದು ತಟ್ಟೆ, ಒದ್ದೆ ಬಟ್ಟೆ, ತಟ್ಟೆಗೆ ಹತ್ತು ಬೀಜ. ಒಂದಕ್ಕೆ ಬರೀ ನೀರು, ಉಳಿದ ನಾಲ್ಕಕ್ಕೆ ಹೆಚ್ಚು ಹೆಚ್ಚು ಉಪ್ಪು. ಬರೀ ನೀರಿನ ತಟ್ಟೆಯಲ್ಲೂ ನಾಲ್ಕು ಬೀಜ ಮೊಳೆತಿರಲಿಲ್ಲ. ಅದನ್ನು ಮುಚ್ಚಿಡದೆ ಬರೆದಿದ್ದಳು. ನಾನು, "ಪ್ರಯೋಗ ಸರಿ ಬಂದಿಲ್ಲ ತಂಗೀ" ಎಂದು ಮುಂದೆ ಹೋದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಪ್ರಯೋಗ ಸರಿಯಾಗೇ ಇತ್ತು. ಬರೀ ನೀರಿನ ತಟ್ಟೆ ಇಟ್ಟಿದ್ದಕ್ಕೇ ತಾನೇ, ಬೀಜದಲ್ಲೂ ದೋಷ ಇರಬಹುದು ಅಂತ ಗೊತ್ತಾಗಿದ್ದು? ಹತ್ತರಲ್ಲಿ ಒಂದು ಜೊಳ್ಳಾದರೆ ಲೆಕ್ಕ ಶೇಕಡಾ 10ರಷ್ಟು ಏರುಪೇರಾಗುತ್ತದೆ. "ಐವತ್ತು ಬೀಜ ಹಾಕಿದ್ದರೆ? ಇನ್ನೊಂದು ಸಲ ಮಾಡಿದ್ದರೆ?" ಎಂದು ಕೇಳಿದ್ದರೆ ಸಾಕಿತ್ತು. ಅವಳ ಕಣ್ಣು ಅರಳುತ್ತಿದ್ದವು.

ಹಾಗಂತ ಡ್ಯಾಮಿನ ಮಾದರಿಯನ್ನು ತಳ್ಳಿಹಾಕಬೇಡಿ. ಈಗ ನಾನು ಕೇಳುವುದೇ ಬೇರೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿ ಹೋಯಿತಲ್ವಾ, ಆಗ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟಿದ್ದು ಯಾಕೆ? ನೀರಿನ ಮಟ್ಟ ಇಳಿದರೆ ಒತ್ತಡ ಇಳಿಯುತ್ತದೆ ಎಂದು ಮಗು ತನ್ನ ಮಾದರಿಯಲ್ಲೇ ಮಾಡಿ ತೋರಿಸಿದರೆ ಧಾರಾಳವಾಗಿ ಅಂಕ ಕೊಡಿ. ಬಾಯಿಪಾಠ ಒಪ್ಪಿಸಿದರೆ, ಮಾದರಿ ಕಟ್ಟಿದ ಕೈ ಯಾರದು ಅಂತ ನಿಮಗೇ ತಿಳಿಯುತ್ತದೆ. ಮಗುವನ್ನು ಮಾತ್ರ ಗದರಬೇಡಿ.

ಮೊದಲು ನೋಟ್‌ಬುಕ್ ತೆರೆಸಿ. ತಾರೀಖು, ಹೊಡೆದುಹಾಕಿದ ಅಂಕಿ, ಮಸಿ ಕಲೆ ಎಲ್ಲ ಅಲ್ಲಿ ಇರಬೇಕು. ಇಂಗ್ಲಿಷಿನಲ್ಲಿ ಪಟಪಟ ಹೇಳಿದ್ದಕ್ಕೆ ಒಂದು ಅಂಕವೂ ಜಾಸ್ತಿ ಬೇಡ. ನಿಮ್ಮದೇ ಶಾಲೆಯ ಮಕ್ಕಳ ಟೇಬಲ್ಲನ್ನು ಬೇರೆಯವರಿಗೆ ಬಿಡಿ. ಜೊತೆಯ ತೀರ್ಪುಗಾರರ ಅಂಕ ನೋಡುವ ಮೊದಲೇ ನಿಮ್ಮದನ್ನು ಬರೆದುಬಿಡಿ.

ಇನ್ನೊಂದು ಮಾತು. ಬೆಳಿಗ್ಗೆ ಅಂಕ ಕೊಡುವ ಕೈ ಬಿಗಿ ಇರುತ್ತದೆ, ಮಧ್ಯಾಹ್ನಕ್ಕೆ ಸಡಿಲಾಗುತ್ತದೆ. ಕೊನೆಯ ಟೇಬಲ್ ಮುಗಿದ ಮೇಲೆ ಮೊದಲ ಮೂರು ಟೇಬಲ್ಲಿಗೆ ಮತ್ತೊಮ್ಮೆ ಹೋಗಿ. ಆ ಮಕ್ಕಳು ಇನ್ನೂ ಅಲ್ಲೇ ನಿಂತಿರುತ್ತಾರೆ.

ನಮಸ್ಕಾರ.